ಆನೆ, ಚಿರತೆಗಳ ನೆರೆಯಲ್ಲಿ ಬೇಸಾಯ: ಬೆಳೆ, ದನ, ಜೀವ ಉಳಿಸಿಕೊಳ್ಳುವುದು ಹೇಗೆ?

ಕಾಡಂಚಿನಲ್ಲಿ ಬೇಸಾಯ ಮಾಡುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಆನೆ ಬರದ ಹಾಗೆ ಏನು ಮಾಡಬೇಕು? ಯಾವ ಬೇಲಿ ಒಳ್ಳೇದು?" ಚಿರತೆ ಇರುವ ಕಡೆಯಾದರೆ "ಬೋನು ಇಡಿಸೋದು ಹೇಗೆ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ಮೊದಲೇ ಒಂದು ಮಾತು. ಪ್ರಾಣಿಯನ್ನು ಸುತ್ತಮುತ್ತ ಎಲ್ಲೂ ಇಲ್ಲದಂತೆ ಮಾಡುವ ಉಪಾಯ ಇಲ್ಲಿ ಸಿಗುವುದಿಲ್ಲ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು, 100 ಲೀಟರಿಗೂ ಜಾಸ್ತಿ ನೀರು ಬೇಕು. ಅದಕ್ಕೇ ಅದು ಒಂದು ಕಡೆ ನಿಲ್ಲದೆ ನಡೆಯುತ್ತಲೇ ಇರುತ್ತದೆ. ನಡೆದಲ್ಲೆಲ್ಲ ಲದ್ದಿಯ ಜೊತೆ ಬೀಜವನ್ನೂ ಬಿತ್ತುತ್ತದೆ. ಎಷ್ಟೋ ಕಾಡುಮರಗಳು ಹೊಸ ಜಾಗ ಸೇರುವುದು ಹೀಗೇ. ನಕ್ಷೆಯಲ್ಲಿ ನಾವು ಎಳೆದ ಗೆರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಶ್ರೀಲಂಕಾದಲ್ಲಿ ಲೆಕ್ಕ ಹಾಕಿ ನೋಡಿದಾಗ, ಆನೆ ಓಡಾಡುವ ಜಾಗದ ಸುಮಾರು ಶೇ. 70ರಷ್ಟು ಕಡೆ ಜನರೂ ವಾಸವಾಗಿದ್ದರು. ಚಿರತೆಯಂತೂ ಕಬ್ಬಿನ ಗದ್ದೆಯಲ್ಲೇ ಮರಿ ಹಾಕಿ ಸಾಕುತ್ತದೆ.

ಹಾಗಾಗಿ ನಾವು ಕಾಯಬೇಕಾದ್ದು ಮೂರನ್ನು: ಬೆಳೆ, ಕೊಟ್ಟಿಗೆ, ನಡೆಯುವ ದಾರಿ. ಇವು ಮೂರೂ ಚಿಕ್ಕವು. ಇಡೀ ಕಾಡನ್ನು ಕಾಯುವುದಕ್ಕಿಂತ ಇವನ್ನು ಕಾಯುವುದು ಸುಲಭ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್ಕು, ಒಂದು ತುಂಡು ದಾರ, ಒಳ್ಳೆ ಟಾರ್ಚು, ಅಕ್ಕಪಕ್ಕದ ಮನೆಯವರ ಫೋನ್ ನಂಬರು, ಅರಣ್ಯ ಇಲಾಖೆಯ ನಂಬರು. ಕರೆಂಟು ಬೇಲಿ ಇದ್ದರೆ ಅದರ ವೋಲ್ಟೇಜು ನೋಡುವ ಮೀಟರು.

1. ಬಂದದ್ದು ಯಾರು ಅಂತ ತಿಳಿದುಕೊಳ್ಳಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನೇರ ಬೇಲಿಗೇ ಹೋಗುತ್ತಾರೆ. ಆಮೇಲೆ ನೋಡಿದರೆ ಜೋಳ ತಿಂದದ್ದು ಹಂದಿ, ಬೇಲಿ ಕಟ್ಟಿದ್ದು ಆನೆಗೆ.

ಒಂದು ಹದಿನೈದು ದಿನ ಬೆಳಿಗ್ಗೆ ಎದ್ದ ತಕ್ಷಣ ಹೊಲದ ಅಂಚು ಸುತ್ತಿ ಬನ್ನಿ. ಯಾವ ಕಡೆಯಿಂದ ಬಂತು, ಎಷ್ಟು ಹೊತ್ತಿಗೆ, ಏನು ತಿಂತು, ಯಾವ ಕಡೆ ಹೋಯಿತು, ಅಷ್ಟು ಬರೆದಿಡಿ. ಆನೆಯ ದುಂಡನೆ ಮುಂಗಾಲ ಗುರುತು ಸಿಕ್ಕರೆ ದಾರ ತೆಗೆಯಿರಿ. ಗುರುತಿನ ಅಂಚಿಗೆ ದಾರ ಸುತ್ತಿ ಅಳೆಯಿರಿ. ಆ ಅಳತೆಯ ಎರಡರಷ್ಟು ಅಂದರೆ ಆನೆಯ ಭುಜದ ಎತ್ತರ. ದಾರ ನಾಲ್ಕು ಅಡಿಯನ್ನು ಚೆನ್ನಾಗಿಯೇ ದಾಟಿದರೆ, ಅದು ಬೆಳೆದ ಗಂಡಾನೆ ಇರುವ ಸಾಧ್ಯತೆ ಜಾಸ್ತಿ. ಚಿಕ್ಕ ದೊಡ್ಡ ಗುರುತುಗಳು ಬೆರೆತಿದ್ದರೆ ಮರಿ ಇರುವ ಹಿಂಡು. ಇದು ಯಾಕೆ ಮುಖ್ಯ ಅಂದರೆ, ಬೆಳೆಗೆ ನುಗ್ಗುವುದರಲ್ಲಿ ಗಂಡಾನೆಗಳದ್ದೇ ಮೇಲುಗೈ. ಅವು ಅಪಾಯಕ್ಕೆ ಹೆದರುವುದು ಕಡಿಮೆ. ಮರಿ ಇರುವ ಹಿಂಡು ಎಚ್ಚರದಲ್ಲಿರುತ್ತದೆ, ಆದರೆ ಅಡ್ಡ ಬಂದವರನ್ನು ಸುಮ್ನೆ ಬಿಡುವುದಿಲ್ಲ.

ಚಿರತೆ ಗುರುತಿನಲ್ಲಿ ನಾಲ್ಕು ಬೆರಳಿರುತ್ತವೆ, ಉಗುರಿನ ಗೀರು ಇರುವುದಿಲ್ಲ. ನಡೆಯುವಾಗ ಅದು ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ನಾಯಿ ಗುರುತಿನಲ್ಲಿ ಉಗುರು ಕಾಣುತ್ತದೆ. "ಚಿರತೆ ಬಂದಿದೆ" ಅಂತ ಬರುವ ಎಷ್ಟೋ ಫೋಟೋಗಳು ಕೊನೆಗೆ ನಾಯಿಯವೇ ಆಗಿರುತ್ತವೆ.

ಹದಿನೈದು ದಿನದ ಬರಹ ಒಮ್ಮೆ ತಿರುವಿ ಹಾಕಿ. ಬರುವ ದಾರಿ ಒಂದೋ ಎರಡೋ ಇರುತ್ತದೆ, ಅಷ್ಟೇ. ನಿಮ್ಮ ದುಡ್ಡು, ನಿದ್ದೆ ಎರಡೂ ಖರ್ಚಾಗಬೇಕಾದ್ದು ಅಲ್ಲಿ.

2. ಕರೆಯುವ ವಸ್ತುಗಳನ್ನು ತೆಗೆಯಿರಿ

ಖರ್ಚಿಲ್ಲದ ಕೆಲಸ ಇದು. ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ಆನೆಯ ಮೂಗು ಬಹಳ ಚುರುಕು. ಮನೆಯೊಳಗೆ ಇಟ್ಟ ಧಾನ್ಯ, ಉಪ್ಪು, ಹುಳಿ ಬಂದ ಹಣ್ಣು, ಮನೆಯಲ್ಲೇ ಇಳಿಸಿದ ಸಾರಾಯಿ, ಇವುಗಳ ವಾಸನೆ ಹಿಡಿದೇ ಅದು ಗೋಡೆ ಕೆಡವುವುದು. ಮಲಗುವ ಕೋಣೆಯ ಗೋಡೆಗೆ ಧಾನ್ಯದ ಮೂಟೆ ಒರಗಿಸಿ ಇಡಬೇಡಿ. ಕಾಳು ಮನೆಯಿಂದ ದೂರ ಇರಲಿ, ಮುಚ್ಚಳ ಬಿಗಿಯಾದ ತಗಡಿನ ಡಬ್ಬದಲ್ಲಿ ಇರಲಿ.

ಚಿರತೆಯನ್ನು ಕರೆಯುವುದು ಬೀದಿನಾಯಿ. ನಾಯಿಯನ್ನು ಕರೆಯುವುದು ಕಸದ ಗುಡ್ಡೆ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ಚಿರತೆಯ ಹಿಕ್ಕೆ ಹೆಕ್ಕಿ ಪರೀಕ್ಷೆ ಮಾಡಿದಾಗ, ಅದರ ಊಟದಲ್ಲಿ ಅತಿ ದೊಡ್ಡ ಪಾಲು ನಾಯಿಯದ್ದೇ ಆಗಿತ್ತು. ಕೋಳಿ ಅಂಗಡಿಯ ತ್ಯಾಜ್ಯ, ಸತ್ತ ದನ, ಮದುವೆ ಮನೆಯ ಎಂಜಲೆಲೆ, ಇವನ್ನು ಊರ ಹೊರಗೆ ಸುರಿದು ಬಂದರೆ ಒಂದು ರೀತಿಯಲ್ಲಿ ಚಿರತೆಗೆ ಊಟ ಬಡಿಸಿದ ಹಾಗೇ. ಕರಡಿಗೂ ಇದೇ ಮಾತು. ಕಸದ ರುಚಿ ಹತ್ತಿದ ಕರಡಿಯನ್ನು ಬಿಡಿಸುವುದು ಬಹಳ ಕಷ್ಟ.

ಮನೆಯಿಂದ ಬಚ್ಚಲಿಗೆ, ಕೊಟ್ಟಿಗೆಗೆ, ಬಸ್ ನಿಲ್ಲುವ ಜಾಗಕ್ಕೆ ಹೋಗುವ ದಾರಿಯ ಎರಡೂ ಕಡೆ ಪೊದೆ ಸವರಿ. ಹಾಗಂತ ಇಡೀ ಹಳ್ಳದ ಪೊದೆಯನ್ನೆಲ್ಲ ಬೋಳಿಸಲು ಹೋಗಬೇಡಿ. ಪ್ರಾಣಿ ಯಾರಿಗೂ ಕಾಣದೆ ದಾಟಿ ಹೋಗಲು ಅದೇ ದಾರಿ. ಅದನ್ನು ತೆಗೆದರೆ ಅದು ನಿಮ್ಮ ಅಂಗಳದಲ್ಲೇ ದಾಟಬೇಕಾಗುತ್ತದೆ.

3. ಬೇಲಿ: ಕಟ್ಟುವುದು ಎಲ್ಲಿ, ಕಾಯುವುದು ಹೇಗೆ

ಜಾಸ್ತಿ ದುಡ್ಡು ಹೋಗುವುದೂ, ಜಾಸ್ತಿ ದುಡ್ಡು ಹಾಳಾಗುವುದೂ ಇಲ್ಲೇ. ಸ್ವಲ್ಪ ನಿಧಾನಕ್ಕೆ ಓದಿ.

ಬೇಲಿಯನ್ನು ಕಾಡಿನ ಗಡಿಗೆ ಕಟ್ಟುವುದು ವಾಡಿಕೆ. ಆದರೆ ಗಡಿಯ ಎರಡೂ ಕಡೆ ಆನೆ ಇರುತ್ತದೆ. ಅಂಥ ಬೇಲಿ ಮನೆಗಳಿಂದ ದೂರ, ನೋಡಿಕೊಳ್ಳುವವರು ಯಾರೂ ಇಲ್ಲ. ಶ್ರೀಲಂಕಾದಲ್ಲಿ ಆನೆ ಸಂಶೋಧಕ ಪೃಥ್ವಿರಾಜ್ ಫರ್ನಾಂಡೊ ಮತ್ತವರ ತಂಡ ಇದನ್ನು ತಿರುಗಿಸಿ ಹಾಕಿತು. ಬೇಲಿ ಇರಬೇಕಾದ್ದು ಊರಿನ ಸುತ್ತ, ಗದ್ದೆಯ ಸುತ್ತ. ಕಟ್ಟುವವರೂ ನೋಡಿಕೊಳ್ಳುವವರೂ ಊರಿನವರೇ. ಗದ್ದೆಯ ಬೇಲಿ ಬಿತ್ತನೆಗೆ ಏಳುತ್ತದೆ, ಕೊಯ್ಲಾದ ಮೇಲೆ ಇಳಿಯುತ್ತದೆ. ಆಮೇಲೆ ಆನೆ ಬಂದು ಕೂಳೆ ಮೇಯ್ದರೆ ಯಾರಿಗೂ ನಷ್ಟ ಇಲ್ಲ. ಅದು ಅಲ್ಲಿ ಮೇಯುವಷ್ಟು ದಿನ ಬೇರೆ ಕಡೆ ಹೊಟ್ಟೆಪಾಡು ಹುಡುಕುವುದೂ ಇಲ್ಲ.

ಕರೆಂಟು ಬೇಲಿ ಅಂದರೆ ಲೈನಿನ ಕರೆಂಟು ಅಲ್ಲ. ಎನರ್ಜೈಸರ್ ಅಂತ ಒಂದು ಪೆಟ್ಟಿಗೆ ಇರುತ್ತದೆ, ಝಟ್ಕಾ ಮೆಷಿನ್ ಅಂತಾರಲ್ಲ ಅದೇ. ಬ್ಯಾಟರಿಯ ಕರೆಂಟನ್ನು ಅದು ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ತಂತಿಗೆ ಬಡಿಯುತ್ತದೆ. ವೋಲ್ಟೇಜು ಸಾವಿರಗಳಲ್ಲಿ ಇರುತ್ತದೆ, ಆದರೆ ಹರಿಯುವ ಹೊತ್ತು ತೀರಾ ಕಡಿಮೆ. ಹಾಗಾಗಿ ನೋವಾಗುತ್ತದೆ, ಜೀವ ಹೋಗುವುದಿಲ್ಲ.

ಎಚ್ಚರಿಕೆ: ಕಂಬದಿಂದ ನೇರ ಕೊಕ್ಕೆ ಹಾಕಿ ತಂತಿಗೆ ಕರೆಂಟು ಕೊಡುವುದು ಕೊಲೆಯ ಕೆಲಸ. ಆನೆ ಸಾಯುತ್ತದೆ. ನೀರು ಬಿಡಲು ಹೋದ ಮನೆಯವರೂ ಸಾಯುತ್ತಾರೆ. ಇದರಲ್ಲಿ "ಒಂದೇ ರಾತ್ರಿ ಅಲ್ವಾ" ಅನ್ನುವ ಮಾತೇ ಬೇಡ.

ಬೇಲಿ ಸೋಲುವುದು ಸಣ್ಣ ಕಾರಣಕ್ಕೆ. ಮಳೆ ಬಿದ್ದ ವಾರದೊಳಗೆ ಒಂದು ಹಂಬು ಕಂಬ ಹತ್ತುತ್ತದೆ. ಎಳೆ ತುದಿ ತಂತಿಗೆ ತಾಗುತ್ತದೆ. ಎಲೆ ಒದ್ದೆ. ಅಲ್ಲಿಂದ ಕರೆಂಟು ನೆಲಕ್ಕೆ ಸೋರಲು ಶುರು. ಪೆಟ್ಟಿಗೆ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ದೀಪವೂ ಉರಿಯುತ್ತಿರುತ್ತದೆ, ನೀವು ನೆಮ್ಮದಿಯಾಗಿ ಮಲಗುತ್ತೀರಿ. ಆದರೆ ಬೇಲಿಯ ಆ ತುದಿಯಲ್ಲಿ ಏನೂ ಇರುವುದಿಲ್ಲ. ಆನೆ ಅದನ್ನು ಒಂದೇ ಸಲಕ್ಕೆ ಕಂಡುಹಿಡಿಯುತ್ತದೆ. ಆದ್ದರಿಂದ ಮೀಟರು ಇಡಬೇಕಾದ್ದು ಪೆಟ್ಟಿಗೆಯ ಹತ್ತಿರ ಅಲ್ಲ, ಬೇಲಿಯ ಕೊನೆಯಲ್ಲಿ. ದಿನಾ ಸಂಜೆ. ಸಾಮಾನ್ಯವಾಗಿ 5,000 ವೋಲ್ಟಿಗಿಂತ ಮೇಲಿರಬೇಕು. ಕಡಿಮೆ ತೋರಿಸಿದರೆ ಕತ್ತಿ ಹಿಡಿದು ಬೇಲಿಯುದ್ದಕ್ಕೂ ನಡೆಯಿರಿ.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ನೆಲ ಒಣಗಿದರೆ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ, ಏಟು ಮೆತ್ತಗಾಗುತ್ತದೆ. ಅರ್ಥಿಂಗ್ ಅಂದರೆ ಕರೆಂಟು ನೆಲದ ಮೂಲಕ ಪೆಟ್ಟಿಗೆಗೆ ವಾಪಸು ಬರುವ ದಾರಿ. ಅರ್ಥಿಂಗ್ ಕಂಬಿಯನ್ನು ತೇವ ಇರುವ ಆಳಕ್ಕೆ ಇಳಿಸಿ, ಒಂದರ ಬದಲು ಎರಡು ಮೂರು ಹಾಕಿ.

ದಂತದಲ್ಲಿ ಕರೆಂಟು ಹರಿಯುವುದಿಲ್ಲ. ಇದು ಸಲಗಗಳಿಗೆ ಗೊತ್ತಿದೆ! ದಂತದಿಂದ ತಂತಿ ಎಳೆಯುತ್ತವೆ, ಇಲ್ಲವೇ ಪಕ್ಕದ ಮರವನ್ನು ಬೇಲಿ ಮೇಲೆ ಕೆಡವಿ ದಾಟುತ್ತವೆ. ಬೇಲಿ ಪಕ್ಕದಲ್ಲಿ ಕೆಡವಲು ಸುಲಭವಾದ ಮರ ಇರದಂತೆ ಜಾಗ ಆರಿಸಿ.

ಕಂದಕದ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಗಟ್ಟಿ ನೆಲ, ಕಡಿಮೆ ಮಳೆ ಇರುವ ಕಡೆ ಪರವಾಗಿಲ್ಲ. ಮಳೆ ಸುರಿಯುವ ಕಡೆ ಎರಡು ವರ್ಷಕ್ಕೆ ದಡ ಕುಸಿದು ಹೂಳು ತುಂಬುತ್ತದೆ, ಅದು ಸಾಲದು ಅಂತ ಆನೆ ಕಾಲಿನಿಂದ ದಡ ಒದ್ದು ಇಳಿಜಾರು ಮಾಡಿಕೊಳ್ಳುತ್ತದೆ. ನಾನಾದರೆ ಆ ದುಡ್ಡು ಅಲ್ಲಿ ಹಾಕುವುದಿಲ್ಲ.

ಜೇನು ಬೇಲಿಯ ಸುದ್ದಿ ನೀವೂ ಕೇಳಿರಬಹುದು. ಕೀನ್ಯಾದಲ್ಲಿ ಲೂಸಿ ಕಿಂಗ್ ಎಂಬ ವಿಜ್ಞಾನಿ ಇದನ್ನು ಬೆಳೆಸಿದರು. ಹತ್ತು ಹತ್ತು ಮೀಟರಿಗೆ ಒಂದು ಜೇನುಪೆಟ್ಟಿಗೆ ನೇತುಹಾಕಿ ಎಲ್ಲವನ್ನೂ ತಂತಿಯಿಂದ ಜೋಡಿಸುತ್ತಾರೆ. ಆನೆ ತಂತಿ ಅಲುಗಿಸಿದರೆ ಪೆಟ್ಟಿಗೆಗಳು ಅಲುಗುತ್ತವೆ, ಜೇನು ಏಳುತ್ತದೆ. ಸಗಲ್ಲ ಎಂಬಲ್ಲಿ ಒಂಬತ್ತು ವರ್ಷ ನೋಡಿದಾಗ ಹತ್ತಿರ ಬಂದ ಆನೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಹಿಂದಿರುಗಿದವು. ಆದರೆ ಬರಗಾಲ ಬಂದಾಗ ಜೇನೇ ಪೆಟ್ಟಿಗೆ ಬಿಟ್ಟು ಹೋಯಿತು, ಬೇಲಿಯೂ ಸೋತಿತು. ಅದೂ ಅಲ್ಲದೆ ಆಫ್ರಿಕಾದ ಜೇನು ಮಹಾ ಸಿಟ್ಟಿನದು, ನಮ್ಮ ತುಡುವೆ ಜೇನು ಸಾಧು. ಜೇನು ಸಾಕುವ ಆಸೆ ನಿಮಗೆ ಮೊದಲೇ ಇದ್ದರೆ ಮಾಡಿ, ತುಪ್ಪವಾದರೂ ಸಿಗುತ್ತದೆ. ಇದೊಂದನ್ನೇ ನಂಬಿ ಕೂರಬೇಡಿ.

4. ರಾತ್ರಿ ಕಾವಲು: ಸರದಿ ಹಾಕಿಕೊಳ್ಳಿ

ಮೆಣಸಿನಕಾಯಿ ಹೊಗೆ, ಮೆಣಸಿನಪುಡಿ ಬೆರೆಸಿದ ಗ್ರೀಸು ಹಚ್ಚಿದ ಹಗ್ಗ, ಇವೆಲ್ಲ ಆಫ್ರಿಕಾದಿಂದ ಹಬ್ಬಿದ ಉಪಾಯಗಳು. ಇಂಡೋನೇಷ್ಯಾದ ಸುಮಾತ್ರಾದಲ್ಲಿ, ವೇ ಕಂಬಾಸ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಹೊಲಗಳಲ್ಲಿ ಇದನ್ನು ಹೋಲಿಸಿ ನೋಡಿದರು. ಜನ ಒಟ್ಟಾಗಿ ಸರಿಯಾಗಿ ಕಾವಲು ಕಾದ ಕಡೆ ಬೆಳೆ ಉಳಿಯಿತು. ಅದರ ಮೇಲೆ ಮೆಣಸಿನಕಾಯಿ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ನಿದ್ದೆಗೆಟ್ಟು ಕೂತ ಮನುಷ್ಯನಿಗೆ ಸಾಟಿಯಾದ ಪುಡಿ ಇನ್ನೂ ಬಂದಿಲ್ಲ ಅನ್ನಿ.

ಕಾವಲು ಕೂರುವವರು ಇಷ್ಟು ನೆನಪಿಡಿ:

- ಒಬ್ಬರೇ ಕೂರಬೇಡಿ. ನಾಲ್ಕು ಮನೆ ಸೇರಿ ಸರದಿ ಹಾಕಿಕೊಳ್ಳಿ. ಕುಡಿದವರನ್ನು ಆ ರಾತ್ರಿ ಮನೆಗೆ ಕಳಿಸಿ.
- ಅಟ್ಟಣೆ ಎತ್ತರದಲ್ಲಿರಲಿ, ಕಂಬ ಗಟ್ಟಿ ಇರಲಿ. ನೆಲದ ಮೇಲೆ ಚಾಪೆ ಹಾಸಿ ಮಲಗುವುದು ಬೇಡ.
- ಹೊಲದ ಹೊರ ಅಂಚಿಗೆ ದಾರ ಕಟ್ಟಿ ಅದಕ್ಕೆ ಗಂಟೆಯನ್ನೋ ಖಾಲಿ ಡಬ್ಬವನ್ನೋ ಜೋಡಿಸಿ. ಪ್ರಾಣಿ ಅಂಚಿನಲ್ಲಿದ್ದಾಗಲೇ ಎಚ್ಚರವಾಗಬೇಕು. ಬಾಳೆ ಬಾಯಿಗೆ ಹೋದ ಮೇಲೆ ಆನೆ ಸುಲಭಕ್ಕೆ ಕದಲುವುದಿಲ್ಲ.
- ಬಂದ ದಾರಿ ತೆರೆದೇ ಇರಲಿ. ನಾಲ್ಕೂ ಕಡೆಯಿಂದ ಜನ ಮುತ್ತಿದರೆ ಅದು ಯಾರ ಮೇಲಾದರೂ ನುಗ್ಗಲೇಬೇಕಾಗುತ್ತದೆ.

ಪಟಾಕಿ ಮೊದಲ ವಾರ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಆನೆಗೆ ಅದು ಬರೀ ಸದ್ದು. ಬೆರ್ಚಪ್ಪನಿಗಂತೂ ಮೂರು ದಿನದ ಆಯುಸ್ಸು. ಬೆಂಕಿ ಉಂಡೆ ಎಸೆಯುವುದು, ಕಲ್ಲು ಹೊಡೆಯುವುದು ಬೇಡವೇ ಬೇಡ. ಗಾಯಗೊಂಡ ಆನೆ ಮುಂದಿನ ಊರಿಗೂ ಅಪಾಯ.

5. ಕೊಟ್ಟಿಗೆ ಭದ್ರ ಮಾಡಿ

ದನ, ಕುರಿಗಳ ಸಾವಿನಲ್ಲಿ ತಡೆಯಬಹುದಾದ್ದು ಬಹಳ. ಚಿರತೆ ಹಾರುತ್ತದೆ, ಹತ್ತುತ್ತದೆ. ಆದ್ದರಿಂದ ಗೋಡೆ ಎಷ್ಟು ಎತ್ತರ ಇದ್ದರೂ ಮೇಲ್ಛಾವಣಿ ಇಲ್ಲದ ದೊಡ್ಡಿ ದೊಡ್ಡಿಯೇ ಅಲ್ಲ. ಲಡಾಖಿನಲ್ಲಿ ಹಿಮಚಿರತೆ ಒಂದು ಸಲ ಹೀಗೆ ಒಳಗೆ ಇಳಿದರೆ ಗಾಬರಿಯಿಂದ ಓಡುವ ಕುರಿಗಳನ್ನು ಒಂದಾದ ಮೇಲೊಂದು ಕೊಂದು ಹಾಕುತ್ತಿತ್ತು. ಮರುದಿನ ಊರಿನವರು ಅದನ್ನೇ ಕೊಲ್ಲುತ್ತಿದ್ದರು. ಮೇಲೆ ಕಬ್ಬಿಣದ ಜಾಲರಿ, ಬಿಗಿಯಾದ ಬಾಗಿಲು ಹಾಕಿಕೊಟ್ಟ ಮೇಲೆ ಎರಡೂ ಸಾವು ತಗ್ಗಿದವು.

ನಿಮ್ಮ ಕೊಟ್ಟಿಗೆಯನ್ನು ಹಗಲಲ್ಲಿ ಒಳಗೆ ಕೂತು ನೋಡಿ. ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ಗುರುತು ಹಾಕಿ. ನಿಮ್ಮ ತಲೆ ತೂರುವಷ್ಟು ಸಂದಿ ಇದ್ದರೆ ಚಿರತೆಗೆ ಅದು ಹೆಬ್ಬಾಗಿಲು. ಹೆಂಚಿನ ಸಂದು, ಬಾಗಿಲ ಕೆಳಗಿನ ತೂತು, ಗಾಳಿಗೆ ಬಿಟ್ಟ ಕಿಂಡಿ, ಎಲ್ಲಕ್ಕೂ ಗಟ್ಟಿ ಜಾಲರಿ ಹೊಡೆಯಿರಿ. ಹೆಚ್ಚಿನವರು ಗೋಡೆಗೆ ಸಾಲ ಮಾಡಿ, ಬಾಗಿಲಿಗೆ ಹಗ್ಗ ಕಟ್ಟುತ್ತಾರೆ.

ಸಿಂಹ ಇರುವ ನಾಡಿನಲ್ಲಿ ಸಮಸ್ಯೆ ಸ್ವಲ್ಪ ಬೇರೆ. ಅದು ಒಳಗೆ ಬರುವ ಬದಲು ಹೊರಗಿನಿಂದ ದನಗಳನ್ನು ಹೆದರಿಸುತ್ತದೆ, ಅವು ತಾವೇ ಬೇಲಿ ಮುರಿದು ಹೊರಗೆ ಬೀಳುತ್ತವೆ. ನೈರೋಬಿ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿ ರಿಚರ್ಡ್ ಟುರೆರೆ ಎಂಬ ಮಸಾಯಿ ಹುಡುಗ ಟಾರ್ಚಿನ ಬಲ್ಬುಗಳನ್ನು ಹಳೇ ಬ್ಯಾಟರಿಗೆ ಜೋಡಿಸಿ, ಒಂದಾದ ಮೇಲೊಂದು ಮಿನುಗುವಂತೆ ಮಾಡಿದ. ಯಾರೋ ಟಾರ್ಚು ಹಿಡಿದು ಸುತ್ತುತ್ತಿದ್ದಾರೆ ಅಂತ ಸಿಂಹ ದೂರ ಉಳಿಯಿತು. ಮಿನುಗು ದೀಪ ಕಡಿಮೆ ಖರ್ಚಿನದು. ಆದರೆ ಜಾಗ ಬದಲಿಸುತ್ತಾ ಇರಿ, ಇಲ್ಲದಿದ್ದರೆ ಅದಕ್ಕೂ ಪಟಾಕಿಯ ಗತಿಯೇ.

ಹಗಲು ಮೇಯುವ ದನಗಳಿಗೆ ಒಂದು ಮೋಜಿನ ಉಪಾಯ ಇದೆ. ಬೋಟ್ಸ್ವಾನಾದಲ್ಲಿ ದನಗಳ ಹಿಂಭಾಗಕ್ಕೆ ದೊಡ್ಡ ಎರಡು ಕಣ್ಣು ಬರೆದು ನಾಲ್ಕು ವರ್ಷ ನೋಡಿದರು. ಕಣ್ಣು ಬರೆದ 683 ದನಗಳಲ್ಲಿ ಒಂದನ್ನೂ ಸಿಂಹ, ಚಿರತೆಗಳು ಕೊಲ್ಲಲಿಲ್ಲ. ಏನೂ ಬರೆಯದ 835ರಲ್ಲಿ 15 ಸತ್ತವು. ಹೊಂಚು ಹಾಕುವ ಪ್ರಾಣಿಗೆ ತನ್ನನ್ನು ಯಾರೋ ನೋಡಿಬಿಟ್ಟರು ಅನ್ನಿಸಿದರೆ ಆಟ ಮುಗಿಯಿತು. 2020ರಲ್ಲಿ ಪ್ರಕಟವಾದ ಅಧ್ಯಯನ ಇದು. ಹಿಂಡಿನ ಎಲ್ಲ ದನಕ್ಕೂ ಬರೆದರೆ ಎಷ್ಟು ಕಾಲ ನಡೆಯುತ್ತದೆ ಅನ್ನುವುದು ಬೇರೆ ಮಾತು. ಬಣ್ಣದ ಖರ್ಚು ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ.

6. ಎದುರಾದರೆ

ಸಾವುಗಳು ಆಗುವುದು ಬಹುಪಾಲು ಆಕಸ್ಮಿಕ ಭೇಟಿಯಲ್ಲಿ. ಮುಸ್ಸಂಜೆ, ತಿರುವು, ಮಂಜು, ಟಾರ್ಚು ಇಲ್ಲದ ಕೈ. ತಮಿಳುನಾಡಿನ ವಾಲ್ಪಾರೈಯಲ್ಲಿ ವನ್ಯಜೀವಿ ವಿಜ್ಞಾನಿ ಆನಂದ ಕುಮಾರ್ ಮತ್ತವರ ಸಂಗಡಿಗರು ಮಾಡಿದ್ದು ಇಷ್ಟೇ: ಆನೆ ಇವತ್ತು ಎಲ್ಲಿದೆ ಅಂತ ಸಂಜೆಯೊಳಗೆ ಫೋನಿಗೆ ಸಂದೇಶ. ಬಸ್ ಇಳಿಯುವ ಜಾಗದಲ್ಲಿ ಕೆಂಪು ದೀಪ, ಹತ್ತಿರ ಆನೆ ಇದ್ದರೆ ಅದು ಮಿನುಗುತ್ತದೆ. ಆನೆಯನ್ನು ಯಾರೂ ಓಡಿಸಲಿಲ್ಲ, ಜನ ದಾರಿ ಬದಲಿಸಿದರು, ಸಾವು ಇಳಿಯಿತು. ನಿಮ್ಮ ಓಣಿಯ ವಾಟ್ಸಾಪ್ ಗುಂಪೂ ಇದನ್ನು ಮಾಡಬಲ್ಲದು. ಒಂದೇ ಷರತ್ತು: ಹಳೇ ವಿಡಿಯೋ, ಗಾಳಿಸುದ್ದಿ ಹಾಕುವವರನ್ನು ಮುಲಾಜಿಲ್ಲದೆ ಹೊರಗಿಡಿ.

ಆನೆ ಎದುರಾದರೆ ನಿಂತಲ್ಲೇ ನಿಲ್ಲಿ, ಸದ್ದಿಲ್ಲದೆ ಹಿಂದೆ ಸರಿಯಿರಿ. ಫೋಟೋ ಬೇಡ. ಕಣ್ಣು ಮತ್ತು ಕಿವಿಯ ನಡುವಿನಿಂದ ಎಣ್ಣೆಯಂಥ ನೀರು ಇಳಿಯುತ್ತಿದ್ದರೆ ಅದು ಮದದಲ್ಲಿರುವ ಗಂಡು. ಆ ದಿನ ಆ ದಾರಿಯನ್ನೇ ಬಿಡಿ.

ಚಿರತೆ ಎದುರಾದರೆ ಬೆನ್ನು ಹಾಕಿ ಓಡಬೇಡಿ, ಬಗ್ಗಬೇಡಿ, ಕೂರಬೇಡಿ. ಮಗು ಜೊತೆಗಿದ್ದರೆ ಎತ್ತಿಕೊಳ್ಳಿ. ಕೈ ಮೇಲೆತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ, ಗಟ್ಟಿಯಾಗಿ ಮಾತಾಡುತ್ತಾ ಹಿಂದೆ ಹೆಜ್ಜೆ ಹಾಕಿ. ಅದು ಮನೆಯೊಳಗೆ ಸೇರಿಕೊಂಡಿದ್ದರೆ ಹೊರಗಿನಿಂದ ಬಾಗಿಲು ಹಾಕಿ, ಇಲಾಖೆಗೆ ಫೋನು ಮಾಡಿ, ಸೇರಿದ ಜನರನ್ನು ಚದುರಿಸಿ. ಜನರು ಗಾಯಗೊಳ್ಳುವುದು ಚಿರತೆಯಿಂದ ಎಷ್ಟೋ, ನೋಡಲು ನೆರೆದ ಗುಂಪಿನಿಂದಲೂ ಅಷ್ಟೇ.

ಕಬ್ಬು ಕಡಿಯುವಾಗ ಮರಿ ಸಿಕ್ಕಿದರೆ ಮನೆಗೆ ತರಬೇಡಿ. ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಆ ಪಟ್ಟಿ ಕಡಿಯುವುದನ್ನು ಅಲ್ಲಿಗೇ ನಿಲ್ಲಿಸಿ ಇಲಾಖೆಗೆ ತಿಳಿಸಿ. ಸಾಮಾನ್ಯವಾಗಿ ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ.

7. ಬೋನು ಕೇಳುವ ಮೊದಲು

ಮನುಷ್ಯರ ಮೇಲೆ ಬಿದ್ದ ಚಿರತೆಯನ್ನು ಹಿಡಿಯಬೇಕು, ಅದರಲ್ಲಿ ವಾದ ಇಲ್ಲ. ಆದರೆ ಸುಮ್ನೆ ಕಂಡದ್ದಕ್ಕೆಲ್ಲ ಬೋನು ಇಡಿಸಿದರೆ ಏನಾಗುತ್ತದೆ? ಮಹಾರಾಷ್ಟ್ರದ ಜುನ್ನರ್‌ನಲ್ಲಿ ಅದೂ ಆಗಿ ನೋಡಿಯಾಯಿತು. ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಡಲು ಶುರು ಮಾಡುವ ಮೊದಲು ವರ್ಷಕ್ಕೆ ಸರಾಸರಿ 4 ದಾಳಿ ಇದ್ದವು. ಶುರು ಮಾಡಿದ ಮೇಲೆ ಅದು 17ಕ್ಕೆ ಏರಿತು. ಚಿರತೆಗಳ ಅಧ್ಯಯನ ಮಾಡುವ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತವರ ಸಂಗಡಿಗರು ಇದನ್ನು 2011ರಲ್ಲಿ ಪ್ರಕಟಿಸಿದರು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಕಂಗಾಲಾಗಿ ಅಲೆಯುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಊರಿನ ಪರಿಚಯವೇ ಇಲ್ಲದ ಇನ್ನೊಂದು ಚಿರತೆ ಬಂದು ಸೇರುತ್ತದೆ.

8. ನಷ್ಟವಾದ ಮರುದಿನ

ಸಿಟ್ಟು ಬರುತ್ತದೆ, ಬರಲೇಬೇಕು. ಆದರೆ ಸತ್ತ ದನಕ್ಕೆ ವಿಷ ಹಾಕಬೇಡಿ. ಅದನ್ನು ತಿನ್ನಲು ಬರುವುದು ಚಿರತೆ ಒಂದೇ ಅಲ್ಲ. ರಣಹದ್ದು, ನರಿ, ಪಕ್ಕದ ಮನೆಯ ನಾಯಿ ಎಲ್ಲವೂ ಬರುತ್ತವೆ. ಒಂದೇ ಕಳೇಬರದಿಂದ ರಣಹದ್ದುಗಳ ಇಡೀ ಹಿಂಡು ಸತ್ತದ್ದಿದೆ. ಹದ್ದು ಇಲ್ಲದ ಊರಲ್ಲಿ ಕಳೇಬರ ಕೊಳೆಯುತ್ತದೆ, ನಾಯಿ ಜಾಸ್ತಿಯಾಗುತ್ತದೆ. ನಾಯಿ ಜಾಸ್ತಿಯಾದರೆ ಯಾರು ಬರುತ್ತಾರೆ ಅಂತ ಎರಡನೇ ಹಂತದಲ್ಲೇ ಹೇಳಿದ್ದೇನೆ.

ಬದಲಿಗೆ ಹೀಗೆ ಮಾಡಿ. ಸತ್ತ ಪ್ರಾಣಿಯನ್ನು ಕದಲಿಸದೆ ಫೋಟೋ ತೆಗೆಯಿರಿ: ದೂರದಿಂದ ಒಂದು, ಕುತ್ತಿಗೆಯ ಗಾಯದ್ದು ಒಂದು, ಹೆಜ್ಜೆ ಗುರುತಿನ ಪಕ್ಕ ಬೆಂಕಿಪೊಟ್ಟಣ ಇಟ್ಟು ಒಂದು. ಬೆಂಕಿಪೊಟ್ಟಣ ಯಾಕೆ ಅಂದರೆ ಅಳತೆಗೆ. ಹಗುರವಾದ ಟಾರ್ಪಾಲು ಮುಚ್ಚಿ, ಇಲಾಖೆಗೆ ಅದೇ ದಿನ ತಿಳಿಸಿ. ಬೆಳೆಯಾದರೆ ಹಾಳಾದ ಭಾಗವನ್ನು ಕೊಯ್ದು ಚೊಕ್ಕ ಮಾಡುವ ಮೊದಲೇ ಫೋಟೋ ತೆಗೆಯಬೇಕು. ಪರಿಹಾರದ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ, ಗುಡಿಸಿ ಸಾರಿಸಿದ ಮೇಲೆ ಅಧಿಕಾರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಅರ್ಜಿ ಕೊಟ್ಟರೆ ತಾರೀಖು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ.

ಆಮೇಲೆ ಅದೇ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಬರೆಯಿರಿ. ಎಲ್ಲಿಂದ ಬಂತು, ಎಷ್ಟು ಹೊತ್ತಿಗೆ, ಬೇಲಿಯ ಕೊನೆಯಲ್ಲಿ ಹಿಂದಿನ ಸಂಜೆ ಮೀಟರು ಎಷ್ಟು ತೋರಿಸಿತ್ತು. ಆ ಜಾಗ ಖಾಲಿ ಇದ್ದರೆ, ಆ ಸಂಜೆ ನೀವು ಮೀಟರು ನೋಡಿಲ್ಲ.